ಭಾವನ ಕಾರು ಮಜ್ಜನ

ನಮ್ಮ ಭಾವನ ಕಾರಿನ ಸೀಟುಗಳು ಇನ್ನೂ ಶೋರೂಮಿನಲ್ಲೇ ಇವೆ. ಅಂದರೆ, ಅಲ್ಲಿ ಹೊದಿಸಿದ ಪ್ಲಾಸ್ಟಿಕ್ ಕವರಿನೊಳಗೇ ಇವೆ. ಬೇಸಿಗೆಯಲ್ಲಿ ಇಳಿಯುವಾಗ ಬೆನ್ನಿಗಂಟಿದ ಪ್ಲಾಸ್ಟಿಕ್ಕು ಚರ್ರೆನ್ನುತ್ತದೆ. ಒಳಗೆ ತೇವ ಸೇರಿ ಬಟ್ಟೆಗೆ ಬೂಷ್ಟು ಹಿಡಿದಿದೆ. "ಆದ್ರೇನು, ಒಂದು ಕಲೆ ತೋರಿಸು ನೋಡೋಣ" ಅನ್ನುತ್ತಾರೆ ಭಾವ.

ಆಯುಧಪೂಜೆ ಹತ್ತಿರವಾದರೆ ಅವರಿಗೆ ಮೈಮೇಲೆ ದೇವರು ಬಂದ ಹಾಗೆ. ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಪಾಲಿಷ್ ಸುರಿದು ಉಜ್ಜುತ್ತಾರೆ. "ಬಾರೋ, ಮುಖ ಕಾಣುತ್ತೆ!" ಮುಖವೇನೋ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಆ ಹೊಳಪು ಮುಂದಿನ ಗಾಜಿನಲ್ಲಿ ಬಿಂಬಿಸಿ ಸಂಜೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಜಿಡ್ಡು ಉಳಿದರೆ ಊರ ಧೂಳೆಲ್ಲ ಅಲ್ಲೇ ಠಿಕಾಣಿ. ಕಂಪನಿಯವರು ಡ್ಯಾಶ್‌ಬೋರ್ಡನ್ನು ಮಂಕಾಗಿ ಮಾಡುವುದು ಬಣ್ಣ ಸಾಲದೆ ಅಲ್ಲ ಸ್ವಾಮಿ! ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಎಸಿ ಕಿಂಡಿಗೆ ಮಕ್ಕಳ ಹಳೆಯ ಪೇಂಟಿಂಗ್ ಬ್ರಷ್ಷು ಸಾಕು. ಪ್ಲಾಸ್ಟಿಕ್ಕಿನ ವೈರಿ ಧೂಳಿಗಿಂತ ಬಿಸಿಲು. ಅದನ್ನು ಮೆತ್ತಗಿಡುವ ರಾಸಾಯನಿಕ ಕಾವಿಗೆ ಆವಿಯಾಗಿ ಗಾಜಿನ ಒಳಮೈಗೆ ಮಬ್ಬಾಗಿ ಹತ್ತುತ್ತದೆ, ಬರಬರುತ್ತ ಪ್ಲಾಸ್ಟಿಕ್ಕು ಬಿರಿಯುತ್ತದೆ. ಗಾಜಿಗೊಂದು ಸನ್‌ಶೇಡ್ ಹಾಕಿದರೆ ಆಯಿತು. ಹೊಂಗೆಮರದ ನೆರಳು ಪುಕ್ಕಟೆ. ಕಾಗೆಗಳ ಕಾಣಿಕೆ ಬೇರೆ ಲೆಕ್ಕ.

ಇನ್ನು ಚಕ್ರಗಳು. ಚಾರ್ಮಾಡಿ ಘಾಟಿ ಇಳಿದು ನೋಡಿ, ಮುಂದಿನ ಅಲಾಯ್ ಚಕ್ರಗಳು ಹಿಂದಿನವಕ್ಕಿಂತ ಕಪ್ಪಗಿರುತ್ತವೆ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದಲ್ಲ, ಪ್ಯಾಡು-ಡಿಸ್ಕು ಸವೆದು ಉದುರಿದ ಪುಡಿ ಅದು. ಅದರಲ್ಲಿ ಕಬ್ಬಿಣವಿದೆ, ಹಾಗೇ ಬಿಟ್ಟರೆ ತುಕ್ಕಿನ ಚುಕ್ಕೆಯಾಗಿ ಕಚ್ಚಿಕೊಳ್ಳುತ್ತದೆ. ಭಾವ ಇದಕ್ಕೆ ಬ್ರಹ್ಮಾಸ್ತ್ರ ತೆಗೆದರು.

"ರೀ, ಅದು ಬಚ್ಚಲು ತೊಳೆಯೋ ಆಸಿಡ್ಡು!" ಎಂದು ಅಕ್ಕ ಕೂಗಿದಳು.

"ಬಚ್ಚಲಿಗೆ ಆಗೋದು ಚಕ್ರಕ್ಕೆ ಆಗಲ್ವಾ?"

ಆಯಿತು. ಕೊಳೆಯೂ ಹೋಯಿತು, ಚಕ್ರದ ಮೇಲಿನ ಲ್ಯಾಕರೂ ಹೋಯಿತು. ಚಕ್ರ ಪೂರ್ತಿ ತಣಿದ ಮೇಲೆ ಕಾರ್ ಶಾಂಪೂ, ಮೆತ್ತನೆಯ ಬ್ರಷ್ಷು, ಒಣಗಿದ ಮೇಲೆ ಒಂದು ಕೈ ವ್ಯಾಕ್ಸು ಹಾಕಿದ್ದರೆ ಮುಗಿಯುತ್ತಿತ್ತು. ಚಕ್ರಕ್ಕೆ ಬಟ್ಟೆ ಬೇರೆಯೇ ಇರಬೇಕು. ಅದರಲ್ಲೇ ಬಾನೆಟ್ ಒರೆಸಿದರೆ ಬ್ರೇಕಿನ ಪುಡಿ ಬಣ್ಣಕ್ಕೆ ಗೀರೆಳೆಯುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಭಾವ ಅಂದೇ ಪೈಪು ಸುತ್ತಿಟ್ಟು, ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯತೊಡಗಿದರು. ಆ ನೀರು ತಾನಾಗಿ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ತಕ್ಷಣ ಒರೆಸಲೇಬೇಕು. ದಂಡದ ಭಯಕ್ಕೆ ಕಾರು ಸರಿಯಾಗಿ ಒರೆಸಿಕೊಂಡಿದ್ದು ಆಗಲೇ.

ಈ ಸಲದ ಪೂಜೆಗೆ ಧಾರಾಳವಾಗಿ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡಿ. ಟೈರಿಗೆ ಪಾಲಿಷ್ ಬಳಿಯಲೇಬೇಕೆಂದರೆ ಪಕ್ಕಕ್ಕೆ ಮಾತ್ರ ಬಳಿಯಿರಿ. ರಸ್ತೆ ಮುಟ್ಟುವ ಕಡೆ ಬಳಿದರೆ ಗಾಡಿ ಜಾರುತ್ತದೆ.