ಒಳಕ್ಕೆ ವಾಲುವ ಪಾದ, ಹೊರಕ್ಕೆ ಜಾರುವ ದುಡ್ಡು

ಬೆಂಗಳೂರಿನಲ್ಲಿ ಈಗ ಆರೋಗ್ಯವಂತನಾಗಬೇಕಾದರೆ ಮೊದಲು ರೋಗಿಯಾಗಬೇಕು. ಅದಕ್ಕೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಶೂ ಅಂಗಡಿ ಸಾಕು. ಕಬ್ಬನ್ ಪಾರ್ಕಿನಲ್ಲಿ ನಾಲ್ಕು ಸುತ್ತು ಓಡೋಣವೆಂದುಕೊಂಡ ನಡುವಯಸ್ಸಿನ ಗೃಹಸ್ಥ ಅಂಗಡಿ ಹೊಕ್ಕರೆ ಅವನನ್ನು ಟ್ರೆಡ್‌ಮಿಲ್ ಹತ್ತಿಸುತ್ತಾರೆ. ಹಿಂದಿನಿಂದ ವಿಡಿಯೊ ತೆಗೆದು, ಹಿಮ್ಮಡಿಯ ಮೇಲೊಂದು ಕೆಂಪು ಗೆರೆ ಎಳೆದು, ಸೇಲ್ಸ್ ಹುಡುಗ ದನಿ ತಗ್ಗಿಸಿ ಹೇಳುತ್ತಾನೆ: ‘ಸಾರ್, ನಿಮ್ದು ಓವರ್‌ಪ್ರೊನೇಶನ್.’ ಬಂದಾಗ ಅವನಿಗಿದ್ದದ್ದು ಬೊಜ್ಜು ಒಂದೇ. ಹೊರಡುವಾಗ ಹೊಸದೊಂದು ಕಾಯಿಲೆ, ಅದಕ್ಕೆ ಹದಿನೈದು ಸಾವಿರದ ಆಚೀಚಿನ ಮದ್ದು. ಪುಕ್ಕಟೆ ಸಿಕ್ಕಿದ್ದು ಕಾಯಿಲೆ ಮಾತ್ರ.

ಪಾದ ಮಾಡಿದ ತಪ್ಪಾದರೂ ಏನು? ಓಡುವಾಗ ನೆಲಕ್ಕೆ ತಾಗಿದ ಪಾದ ತುಸು ಒಳಕ್ಕೆ ವಾಲುತ್ತದೆ, ಅಂಗಾಲಿನ ಕಮಾನು ತಗ್ಗುತ್ತದೆ. ಮೈಭಾರದ ಎರಡು-ಮೂರು ಪಟ್ಟಿನ ಏಟನ್ನು ದೇಹ ತಾಳಿಕೊಳ್ಳುವುದೇ ಹೀಗೆ. ಈ ವಾಲುವಿಕೆಯೇ ಪ್ರೊನೇಶನ್. ಅದು ಎಷ್ಟು ಡಿಗ್ರಿ ದಾಟಿದರೆ ‘ಓವರ್’, ಅಂದರೆ ‘ಅತಿ’, ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಗಡಿಯೇ ಗೊತ್ತಿಲ್ಲದ ಊರಿನಲ್ಲಿ ಬಂದವರೆಲ್ಲ ಗಡಿ ದಾಟಿದವರೇ! ಅಂದಹಾಗೆ, ಪಾದದ ಡಿಗ್ರಿ ಅಳೆಯುವ ಹುಡುಗ ಅಂಗಡಿಯ ಮುಂದಿನ ಫುಟ್‌ಪಾತನ್ನು ಅಳೆದಿಲ್ಲ. ಚಪ್ಪಡಿ ಎದ್ದು, ಚರಂಡಿಯ ಕಡೆಗೆ ವಾಲಿರುವ ಅದಕ್ಕೆ ಯಾವ ನಂಬರಿನ ಶೂ ಕೊಡುತ್ತಾನೋ ನೋಡಬೇಕು.

ಮದ್ದಿನ ಕಥೆ ಇನ್ನೂ ಚೆಂದ. ಏಸಿಕ್ಸ್ ಕಂಪನಿಯ ಜೆಲ್-ಕಯಾನೊ ಶೂ 1993ರಲ್ಲಿ ಬಂತು. ಬ್ರೂಕ್ಸ್ ಕಂಪನಿಯ ಅಡ್ರಿನಲಿನ್ ಜಿಟಿಎಸ್ ಆಮೇಲೆ ಜೊತೆಗೂಡಿತು. ಇಂಥ ‘ಸ್ಟೆಬಿಲಿಟಿ’ ಶೂಗಳ ಗುಟ್ಟು ಬಹುಕಾಲ ಒಂದೇ ಆಗಿತ್ತು: ಅಲ್ಲಾಡುವ ಹೋಟೆಲ್ ಮೇಜಿನ ಕಾಲಿಗೆ ಕಾಗದ ಮಡಚಿ ಸಿಕ್ಕಿಸಿದ ಹಾಗೆ, ಒಳಬದಿಯ ಅಟ್ಟೆಯಲ್ಲಿ ಒಂದು ಗಟ್ಟಿ ಫೋಮ್ ತುಂಡು. ಅದಿಲ್ಲದಿದ್ದರೆ ಮೊಣಕಾಲು ಹೋಯಿತೆಂದೇ ಲೋಕ ನಂಬಿತು. 2023ರಲ್ಲಿ ಬಂದ ಕಯಾನೊ 30ರಲ್ಲಿ ಆ ಗಟ್ಟಿ ತುಂಡೇ ಇಲ್ಲ. ಅಡ್ರಿನಲಿನ್ ಅದಕ್ಕೂ ಮೊದಲೇ ಅದನ್ನು ಕಳಚಿಟ್ಟಿತ್ತು. ಸಿದ್ಧಾಂತ ಬದಲಾಯಿತು, ಫೋಮ್ ಬದಲಾಯಿತು, ಬೆಲೆ ಮಾತ್ರ ತನ್ನ ಸ್ಟೆಬಿಲಿಟಿ ಕಾಯ್ದುಕೊಂಡು ಮೇಲಕ್ಕೇ ಓಡುತ್ತಿದೆ.

ವಿಜ್ಞಾನವಾದರೂ ಹುಡುಗನ ಪರ ಸಾಕ್ಷಿ ಹೇಳಬೇಕಿತ್ತು. ಅಮೆರಿಕದ ಸೇನೆಯವರು ಸಾವಿರಾರು ಹೊಸ ಯೋಧರಲ್ಲಿ ಕೆಲವರಿಗೆ ಅಂಗಾಲಿನ ಆಕಾರ ನೋಡಿ ಶೂ ಹಂಚಿದರು, ಉಳಿದವರಿಗೆಲ್ಲ ಒಂದೇ ಬಗೆಯದು ಕೊಟ್ಟರು. ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರನ್ನು ಸಾದಾ ಶೂನಲ್ಲೇ ಒಂದು ವರ್ಷ ಓಡಿಸಿ ನೋಡಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ, ಸಾವಿರ ಕಿಲೋಮೀಟರಿಗೆ ಇಷ್ಟು ಗಾಯ ಎಂದು ಲೆಕ್ಕ ಹಾಕಿದರೆ, ಪಾದ ಒಳಕ್ಕೆ ವಾಲುವವರಿಗೇ ಗಾಯ ಕಡಿಮೆ! ಇನ್ನು ಕೀನ್ಯಾದ ಪ್ರಿಸ್ಕಾ ಜೆಪ್ಟೂ. ಮೊಣಕಾಲುಗಳು ಒಳಕ್ಕೆ ಕೂಡಿ, ಪಾದಗಳು ಹೊರಕ್ಕೆ ಬೀಸುವ ಆಕೆಯ ಓಟ ನಮ್ಮ ಅಂಗಡಿಯ ಟ್ರೆಡ್‌ಮಿಲ್ ಮೇಲೆ ಕಂಡಿದ್ದರೆ ಹುಡುಗ ಆಂಬುಲೆನ್ಸ್ ಕರೆಸುತ್ತಿದ್ದ. ಆಕೆ 2012ರ ಒಲಿಂಪಿಕ್ ಮ್ಯಾರಥಾನಿನಲ್ಲಿ ಬೆಳ್ಳಿ ಗೆದ್ದರು, ಮರುವರ್ಷ ಲಂಡನ್, ನ್ಯೂಯಾರ್ಕ್ ಮ್ಯಾರಥಾನುಗಳೆರಡನ್ನೂ ಗೆದ್ದರು.

ಹಾಗೆಂದು ಸ್ಟೆಬಿಲಿಟಿ ಶೂ ಎಂಬುದೆಲ್ಲ ಬೂಟಾಟಿಕೆ ಎಂದರೆ ಅದೂ ಅನ್ಯಾಯ. ಡೆನ್ಮಾರ್ಕಿನ ಗುಂಪಿನಲ್ಲಿ ತೀರಾ ವಾಲುವ ಪಾದದವರು ಬಹಳ ಕಡಿಮೆ. 2016ರಲ್ಲಿ ಲಕ್ಸೆಂಬರ್ಗಿನವರು 372 ಹವ್ಯಾಸಿ ಓಟಗಾರರನ್ನು ಆರು ತಿಂಗಳು ಗಮನಿಸಿದಾಗ, ವಾಲುವಿಕೆ ತಡೆಯುವ ಶೂ ಹಾಕಿದವರಿಗೆ ಗಾಯ ಕಡಿಮೆಯಾಗಿತ್ತು. ಆ ಲಾಭ ಹೆಚ್ಚಾಗಿ ಸಿಕ್ಕಿದ್ದು ಪಾದ ಒಳಕ್ಕೆ ವಾಲುವವರಿಗೇ. ಅಂದರೆ ಈ ಶೂ ಕೆಲವರಿಗೆ ನಿಜವಾಗಿ ಬೇಕು. ತಕರಾರಿರುವುದು ಅರ್ಧ ನಿಮಿಷದ ವಿಡಿಯೊ ನೋಡಿ ಎಲ್ಲರನ್ನೂ ಆ ಕೆಲವರೊಳಗೆ ಸೇರಿಸುವ ಚಾಳಿಯ ಬಗ್ಗೆ.

ಆದ್ದರಿಂದ ಓದುಗರೇ, ಕಣಕಾಲಿಗೋ ಮೊಣಕಾಲಿಗೋ ನೋವು ಕಟ್ಟಿಕೊಂಡಿದ್ದರೆ ಮೊದಲು ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಆಮೇಲೆ ಶೂ. ನೋವಿಲ್ಲದೆ ಓಡುತ್ತಿದ್ದರೆ, ಪಾದ ಎತ್ತ ವಾಲಿದರೂ, ಈಗಿನ ಶೂ ಬದಲಿಸಲು ಕಾರಣವೇ ಇಲ್ಲ. ಕೊಳ್ಳಲೇಬೇಕೆಂದರೆ ಪಾದ ತುಸು ಊದಿರುವ ಸಂಜೆ ಹೊತ್ತು ಹೋಗಿ, ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗ ಬಿಡಿ, ಸ್ಟೆಬಿಲಿಟಿ ಒಂದು ಜೊತೆ, ಸಾದಾ ಒಂದು ಜೊತೆ ಹಾಕಿಕೊಂಡು ಓಡಿ ನೋಡಿ. ಪಾದದ ಚಲನೆಯನ್ನೇ ಜೀವಮಾನವಿಡೀ ಅಭ್ಯಸಿಸಿದ ಕ್ಯಾಲ್ಗರಿಯ ವಿಜ್ಞಾನಿ ಬೆನ್ನೊ ನಿಗ್ ಕೂಡ ಕೊನೆಗೆ ಬಂದು ನಿಂತದ್ದು ಹಿತವೆನಿಸುವ ಶೂ ಆರಿಸಿಕೊಳ್ಳಿ ಎಂಬಲ್ಲಿಗೇ. ಐನೂರರಿಂದ ಎಂಟುನೂರು ಕಿಲೋಮೀಟರ್ ಓಡಿದ ಮೇಲೆ ಬದಲಿಸಿ, ಓಟದ ದೂರವನ್ನು ನಿಧಾನವಾಗಿ ಏರಿಸಿ. ಹಾಕಿಕೊಂಡು ಓಡುವಾಗ ಯಾವ ಶೂ ಕಾಲಿನಲ್ಲಿದೆಯೆಂಬುದೇ ಮರೆತುಹೋಗುತ್ತದೋ, ಅದಕ್ಕೆ ಬಿಲ್ ಮಾಡಿಸಿ. ವಿಡಿಯೊವನ್ನು ಹುಡುಗನೇ ಇಟ್ಟುಕೊಳ್ಳಲಿ.