ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ

ಒಳಗಣ್ಣು ತೆರೆಯಿರಿ, ಅಂತರಾತ್ಮದ ದನಿಗೆ ಕಿವಿಗೊಡಿ ಎಂದು ಬೆಂಗಳೂರಿನ ತಣ್ಣನೆಯ ಸಭಾಂಗಣಗಳಲ್ಲಿ ಫೀಸು ತೆಗೆದುಕೊಂಡು ಪಾಠ ಹೇಳುವವರು ಒಮ್ಮೆ ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ಬರಬೇಕು. ಈ ವಿದ್ಯೆಗೆ ಇಲ್ಲಿ ಶಿಬಿರ ಬೇಕಿಲ್ಲ, ಮೌನವ್ರತವೂ ಬೇಕಿಲ್ಲ. ಜುಟ್ಟಿರುವ ಒಂದು ತೆಂಗಿನಕಾಯಿ, ಒಣಗಿದ ಹೊಲ, ಸಾಲ ಎತ್ತಿರುವ ಒಬ್ಬ ರೈತ ಇದ್ದರೆ ಸಾಕು.

ಬೋರ್‌ಗೆ ಪಾಯಿಂಟ್ ನೋಡುವವರು ಅಂಗೈ ಮೇಲೆ ಕಾಯಿ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಾರೆ. ಮೂಲೆಯೊಂದರಲ್ಲಿ ಕಾಯಿ ಧಿಗ್ಗನೆ ಎದ್ದು ಕೂರುತ್ತದೆ.

"ಗೌಡ್ರೇ, ಇಲ್ಲೈತೆ ನೋಡಿ ಗಂಗಮ್ಮ. ಎರಡಿಂಚಿಗೆ ಮೋಸ ಇಲ್ಲ."

ಈ ಶಕ್ತಿ ಎಲ್ಲರಿಗೂ ಒಲಿಯುವುದಿಲ್ಲವಂತೆ. ಓ ಪಾಸಿಟಿವ್ ರಕ್ತದವರಿಗೆ ಮಾತ್ರವಂತೆ. ಹಿಂದಿನ ಋಷಿಗಳಿಗೆ ಲ್ಯಾಬ್ ರಿಪೋರ್ಟಿನ ಸೌಕರ್ಯ ಇರಲಿಲ್ಲ, ಪಾಪ, ಕಾಡಿಗೆ ಹೋಗಿ ಹುತ್ತ ಕಟ್ಟುವವರೆಗೂ ಕೂರಬೇಕಾಯಿತು.

ಆಮೇಲೆ ತಮಿಳುನಾಡಿನ ತಿರುಚೆಂಗೋಡಿನ ನಂಬರ್ ಹೊತ್ತ ರಿಗ್ ಗಾಡಿ ಬರುತ್ತದೆ. ಪೂಜೆ ಆಗುತ್ತದೆ. ಸಾವಿರ ಅಡಿ ದಾಟಿದರೂ ಬರೀ ಬಿಳಿ ಧೂಳು. ಅಷ್ಟು ಹೊತ್ತಿಗೆ ಒಳಗಣ್ಣಿನವರು ದಕ್ಷಿಣೆ ಸಮೇತ ಮುಂದಿನ ಊರು ಸೇರಿರುತ್ತಾರೆ. ಫೋನ್ ಮಾಡಿದರೆ ಪ್ರಶ್ನೆ ಅವರದೇ: "ಗಾಡಿ ಒಂದಡಿ ಆಚೆ ನಿಲ್ಸಿದ್ರಾ? ಮನೇಲೇನಾದ್ರೂ ಸೂತಕ ಇತ್ತಾ?" ನೀರು ಬಂದರೆ ಕಾಯಿಯ ಮಹಿಮೆ, ಬರದಿದ್ದರೆ ಗೌಡರ ಹಣೆಬರಹ. ಇಂಥ ಲೆಕ್ಕಪತ್ರ ಇಟ್ಟರೆ ದಿವಾಳಿಯಾದ ಬ್ಯಾಂಕೂ ಲಾಭ ತೋರಿಸಬಹುದು.

ಅಂಗೈ ಮೇಲೆ ತೂಗಾಡುವ ಕಾಯಿಯನ್ನು ಎಬ್ಬಿಸಲು ಗಂಗಮ್ಮನೇ ಬರಬೇಕಾಗಿಲ್ಲ, ನಮಗೇ ಗೊತ್ತಾಗದ ಮಣಿಕಟ್ಟಿನ ಒಂದು ಅಲುಗಾಟ ಸಾಕು. ಮನಸ್ಸು ಬಯಸಿದ್ದನ್ನು ಕೈ ತಾನಾಗಿ ಮಾಡಿಬಿಡುವ ಈ ಚಮತ್ಕಾರಕ್ಕೆ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಹೆಸರಿಟ್ಟ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಒಂದು ಕಣಜದಲ್ಲಿ, ಕೆಳಗಿನ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಜಾಗ ಬದಲಿಸುತ್ತಾ, ಮೇಲಿನ ಅಂತಸ್ತಿನಲ್ಲಿ ಕಡ್ಡಿ ಹಿಡಿದು ನೀರು ಹುಡುಕುವವರನ್ನು ಓಡಾಡಿಸಿ ನೋಡಿದರು. ಸುಮಾರು 500 ಮಂದಿಯಲ್ಲಿ ಸೋಸಿ ಆರಿಸಿದ್ದು 43 ಜನರನ್ನು. ಕೆಲವರಿಗೆ ನಿಜಕ್ಕೂ ಶಕ್ತಿಯಿದೆ ಎಂದು ಪರೀಕ್ಷೆ ನಡೆಸಿದವರೇ ಸಂಭ್ರಮಿಸಿದರು. ಜೇಮ್ಸ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದು 1999ರಲ್ಲಿ ಬರೆದ: ಕಣ್ಣು ಮುಚ್ಚಿ ಊಹಿಸಿದ್ದರೂ ಹೆಚ್ಚುಕಮ್ಮಿ ಇಷ್ಟೇ ಸಿಗುತ್ತಿತ್ತು. ಜರ್ಮನರಿಗೆ ತೆಂಗಿನಕಾಯಿ ಸಿಕ್ಕಿರಲಿಲ್ಲ ಎನ್ನುವುದೊಂದೇ ನಮಗೆ ಉಳಿದಿರುವ ಸಮಾಧಾನ.

ಪರೀಕ್ಷೆಯ ಹುಚ್ಚು ನಮ್ಮ ಸೀಮೆಗೂ ಹೊಸದಲ್ಲ. ಆಗಿನ ಕೋಲಾರ ಜಿಲ್ಲೆಯ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾರಿಗೆ ಪತ್ರಗಳು ಹೋದವು. ಉತ್ತರ ಬರಲಿಲ್ಲ. ಗಾಳಿಯಿಂದ ವಿಭೂತಿ ಬರುವಷ್ಟು ಸಲೀಸಾಗಿ ಅಂಚೆ ಕಾಗದ ಬರುವುದಿಲ್ಲವೇನೋ.

ಹಾಗಾದರೆ ನಮ್ಮ ತಾತಂದಿರು ದಡ್ಡರೇ? ಅವರ ಕಾಲದಲ್ಲಿ ಕಾಯಿ ಹೇಳಿದ ಕಡೆ ನೀರು ಬಂದದ್ದು ಸುಳ್ಳೇ? ಅಲ್ಲ, ಬಂದದ್ದು ನಿಜವೇ. ಕೆರೆಗಳು ತುಂಬುತ್ತಿದ್ದವು, ಬಂಡೆಯ ಮೇಲಿನ ಮಣ್ಣು, ಕೊಳೆತ ಕಲ್ಲಿನ ಪದರ ನೀರು ಕುಡಿದು ಮೆತ್ತಗಿರುತ್ತಿತ್ತು. ಕಾಯಿ ಎಲ್ಲಿ ಎದ್ದರೂ ಸರಿ, ಬಾವಿ ತೋಡಿದರೆ ನೀರು. ಕಾಯಿ ಬೀಳಿಸಿಕೊಂಡು ಎಡವಿ ಬಿದ್ದ ಜಾಗದಲ್ಲಿ ತೋಡಿದ್ದರೂ ಬರುತ್ತಿತ್ತು. ಈಗ ಆ ಪದರ ಒಣಗಿದೆ. ಗಟ್ಟಿ ಬಂಡೆಯೊಳಗಿನ ಕೂದಲೆಳೆ ಬಿರುಕಿಗೆ ಕೊಳವೆ ತಗುಲಿದರೆ ನೀರು, ಇಲ್ಲದಿದ್ದರೆ ಧೂಳು. ಕೆರೆ ದುಡಿದ ಕೂಲಿಯನ್ನು ಅಷ್ಟು ವರ್ಷ ಒಳಗಣ್ಣು ತನ್ನ ಜೇಬಿಗೆ ಇಳಿಸಿಕೊಂಡಿತ್ತು. (ಭೂವಿಜ್ಞಾನಿಯ ಮೀಟರ್ ತಪ್ಪುವುದಿಲ್ಲವೇ? ತಪ್ಪುತ್ತದೆ. ಆದರೆ ತಪ್ಪಿದ ಮೇಲೆ ನಿಮ್ಮ ಮನೆಯ ಸೂತಕ ವಿಚಾರಿಸುವುದಿಲ್ಲ.)

ಹೇಳದೇ ತಿಳಿಯುವ ವಿದ್ಯೆ ಈ ನೆಲದಲ್ಲಿ ನಿಜವಾಗಿ ಇದ್ದದ್ದು ನೀರುಗಂಟಿಯ ಹತ್ತಿರ. ಏರಿಯ ಮೇಲೆ ನಿಂತು ಕೆರೆ ನೋಡಿ, ಈ ನೀರು ಯಾವ ಬಯಲಿನವರೆಗೆ ಸಾಕು, ತೂಬು ಯಾವಾಗ ಎತ್ತಬೇಕು ಎಂದು ಹೇಳುತ್ತಿದ್ದ. ಹೇಗೆ ಗೊತ್ತಾಯಿತೆಂದರೆ "ಗೊತ್ತಾಗ್ತೈತೆ ಸಾಮಿ" ಅಷ್ಟೇ. ಆದರೆ ಅವನು ಆ ಊರಲ್ಲೇ ಇರುತ್ತಿದ್ದ. ಲೆಕ್ಕ ತಪ್ಪಿ ಕೊನೆಯ ಗದ್ದೆ ಒಣಗಿದರೆ ಇಡೀ ಊರು ಅವನ ಬಾಗಿಲಲ್ಲಿ. ಪ್ರತಿ ವರ್ಷ ಹಾಗೆ ಬೈಸಿಕೊಂಡು ಪಳಗಿದ ಮನಸ್ಸು ಅದು. ಪಾಯಿಂಟಿನವರ ಒಳಗಣ್ಣಿಗೆ ಬೈಗುಳ ತಿನ್ನುವ ಯೋಗವೇ ಇಲ್ಲ, ಕಲಿಯುವುದಾದರೂ ಎಲ್ಲಿಂದ? ನೀರುಗಂಟಿಗೆ ನಾವು ಕೆಲಸ ಇಲ್ಲದಂತೆ ಮಾಡಿದೆವು; ಕಾಯಿಗೆ ಬಡ್ತಿ ಕೊಟ್ಟೆವು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತವೂ ಬೇಕೆಂದು ಹೋರಾಟಗಾರರು ಕೇಳುತ್ತಲೇ ಇದ್ದಾರೆ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿಯೂ ಹರಿದವು. ತುಂಬಿದ ಕೆರೆಯ ಆಸುಪಾಸು ಬೋರ್‌ಗಳಿಗೆ ಮತ್ತೆ ಜೀವ ಬಂದರೆ, ಕಾಯಿಯವರ ಕೀರ್ತಿಯೂ ಜೊತೆಗೇ ಮೇಲೇರುತ್ತದೆ. ಕೋರಮಂಗಲದಲ್ಲಿ ಯಾರೋ ಫ್ಲಶ್ ಒತ್ತಿದ್ದಕ್ಕೆ ಇಲ್ಲಿ ಒಬ್ಬರ ಆಧ್ಯಾತ್ಮಿಕ ಶಕ್ತಿ ವೃದ್ಧಿಯಾಗುವುದು ಯಾವ ಉಪನಿಷತ್ತಿಗೂ ಹೊಳೆಯದ ಅದ್ವೈತ.

ಈ ಇಡೀ ವ್ಯವಹಾರದಲ್ಲಿ ವಿವೇಕ ಜಾಗೃತವಾಗಿರುವ ಮನುಷ್ಯ ಒಬ್ಬನೇ, ರಿಗ್ ಗಾಡಿಯವನು. ಎದ್ದು ನಿಂತ ಕಾಯಿಗೆ ಅವನೂ ಕೈಮುಗಿಯುತ್ತಾನೆ, ಕರ್ಪೂರದ ಮಂಗಳಾರತಿ ಕಣ್ಣಿಗೊತ್ತಿಕೊಳ್ಳುತ್ತಾನೆ. "ನೀರು ಗ್ಯಾರಂಟಿ ಅಂತ ಸ್ವಾಮಿಗಳೇ ಹೇಳವ್ರೆ, ನೀರು ಬಂದ ಮೇಲೆ ದುಡ್ಡು ತಗೋಳಣ್ಣ" ಅಂದು ನೋಡಿ. ಅವನು ನಗುತ್ತಾ ಕೈ ಚಾಚುತ್ತಾನೆ: "ಕೇಸಿಂಗ್‌ಗೆ ಬೇರೆ, ಅಡಿಗೆ ಬೇರೆ. ಮೊದಲು ಅಡ್ವಾನ್ಸ್ ಕೊಡಿ ಸಾರ್."