ಗಸ್ತಿಗೆ ಯಾರು?

(ಮೈಸೂರಿನ ಕುವೆಂಪುನಗರದ ಒಂದು ಪಾರ್ಕು. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ತುರ್ತು ಸಭೆ. ವಾಟ್ಸಾಪಿನಲ್ಲಿ ಹೆಬ್ಬೆರಳೆತ್ತಿದವರು ಬಡಾವಣೆಗೆ ಬಡಾವಣೆಯೇ; ಬಂದವರು ನಾಲ್ವರು. ಬೀದಿನಾಯಿಯನ್ನು ಕೋರಂಗೆ ಸೇರಿಸಬಹುದೇ ಎಂಬ ಚರ್ಚೆ ಈಗಷ್ಟೇ ಮುಗಿದಿದೆ.)

ಅಧ್ಯಕ್ಷರು: ಸರಗಳ್ಳರ ಕಾಟ ಹೆಚ್ಚಾಗಿದೆ. ರಾತ್ರಿ ಗಸ್ತಿಗೆ ಸ್ವಯಂಸೇವಕರು ಬೇಕು.

ಮೇಷ್ಟ್ರು: ನನಗೆ ಬೀಪಿ ಸಾರ್.

ಖಜಾಂಚಿ: ನನಗೆ ಮಂಡಿನೋವು.

ಮೂಲೆಮನೆ ಆಂಟಿ: ಸಂಘದ ದುಡ್ಡಲ್ಲಿ ಸಿಸಿಟಿವಿ ಹಾಕಿಸಿದ್ರಲ್ಲ?

ಅಧ್ಯಕ್ಷರು: ಇದೆಯಮ್ಮ, ನಮ್ಮನೆ ಗೇಟಿನ ಕಡೆ ತಿರುಗಿದೆ. ಅಧ್ಯಕ್ಷ ಕ್ಷೇಮವಾಗಿದ್ರೆ ತಾನೆ ಬಡಾವಣೆ ಕ್ಷೇಮ?

ಮೇಷ್ಟ್ರು: 2015, 2016ರ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ ನಮ್ಮದು!

ಆಂಟಿ: ಅದು ಪೌರಕಾರ್ಮಿಕರ ಬೆವರು, ಮೇಷ್ಟ್ರೇ. ನಿಮ್ಮ ಕಸದ ಕವರು ಪಕ್ಕದ ಖಾಲಿ ಸೈಟಲ್ಲಿದೆ.

ಮೇಷ್ಟ್ರು: ಅದರ ಮೇಲೆ ನನ್ನ ಹೆಸರಿದೆಯೇನು?

ಆಂಟಿ: ಒಳಗಿದೆ. ಕರೆಂಟ್ ಬಿಲ್ಲಲ್ಲಿ.

ಖಜಾಂಚಿ: (ಮಾತು ತಿರುಗಿಸುತ್ತ) ಪ್ಲೇಗು ಬಂದಾಗ, 1903ರಲ್ಲೇ, ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಕಟ್ಟಿದ ಊರು ಕಣ್ರೀ ಇದು!

ಆಂಟಿ: ಆಗ ಇಲಿ ಬಿತ್ತು ಅಂತ ಬಡಾವಣೆಗಳನ್ನೇ ಕಟ್ಟಿದ್ರು. ಈಗ ಕಳ್ಳ ಬಂದ ಅಂದ್ರೆ ಗ್ರೂಪಿಗೆ ಕೈಮುಗಿಯೋ ಚಿತ್ರ ಹಾಕ್ತೀರಿ.

ಅಧ್ಯಕ್ಷರು: ಗಸ್ತು ಹೊಡೆದವರಿಗೆ ರಾಜ್ಯೋತ್ಸವದಲ್ಲಿ ಶಾಲು, ಮೈಸೂರು ಪೇಟ, ಫಲತಾಂಬೂಲ...

(ಮೂರು ಕೈ ಒಟ್ಟಿಗೇ ಮೇಲೇಳುತ್ತವೆ. ಮೂರನೆಯದು ಅಧ್ಯಕ್ಷರದೇ.)

ಮೇಷ್ಟ್ರು: ಗಸ್ತು ಎಷ್ಟು ಹೊತ್ತಿಗೆ ಅಂದ್ರಿ?

ಅಧ್ಯಕ್ಷರು: ರಾತ್ರಿ ಎರಡಕ್ಕೆ.

ಮೇಷ್ಟ್ರು: ಬೆಳಗಿನ ವಾಕಿಂಗ್ ಜೊತೇಲೇ ಇಟ್ಕೊಂಡ್ರೆ?

ಆಂಟಿ: ಕಳ್ಳರಿಗೂ ಆ ಟೈಮು ಆಗುತ್ತಾ ಅಂತ ಒಂದ್ಮಾತು ಕೇಳಿಬಿಡಿ.